ಕೀಲಿ ತೆಗೆದರೂ ಪ್ರೊಪೆಲ್ಲರ್ ಮುಟ್ಟಬಾರದು

ತೀರ್ಥಹಳ್ಳಿಯ ಮಿತ್ರರೇ, ಮಗಳು ಪೈಲಟ್ ತರಬೇತಿಗೆ ಹೊರಟಿದ್ದಾಳೆ, ಕೀಲಿ ತೆಗೆದ ಸಣ್ಣ ವಿಮಾನದ ಪ್ರೊಪೆಲ್ಲರನ್ನು ಕೈಯಿಂದ ತಿರುಗಿಸಿದರೆ ಅಪಾಯವೇ ಎಂದು ಕೇಳಿದ್ದೀರಿ. ಖಂಡಿತ ಅಪಾಯ, ಕೈಯೇ ಹೋಗಬಹುದು.

ಸೆಸ್ನಾ 172ರಂಥ ವಿಮಾನಗಳ ಪಿಸ್ಟನ್ ಎಂಜಿನ್‌ಗೆ ಸಾಮಾನ್ಯವಾಗಿ ಕಿಡಿ ಕೊಡುವುದು ಬ್ಯಾಟರಿಯಲ್ಲ, ಮ್ಯಾಗ್ನೆಟೋ, ಅಂದರೆ ಎಂಜಿನ್ ತಿರುಗಿದಾಗ ಆಯಸ್ಕಾಂತದಿಂದ ತಾನೇ ವಿದ್ಯುತ್ ಹುಟ್ಟಿಸುವ ಸಾಧನ. ಅಡಿಕೆ ತೋಟದಲ್ಲಿ ಕಳೆ ಕತ್ತರಿಸುವ ಪೆಟ್ರೋಲ್ ಯಂತ್ರ ನೋಡಿದ್ದೀರಲ್ಲ, ಹಗ್ಗ ಎಳೆದರೆ ಸಾಕು. ಅದರ ಸ್ವಿಚ್ಚಿನ ತಂತಿ ತುಂಡಾದರೆ ಸ್ವಿಚ್ಚಿನಿಂದ ಎಂಜಿನ್ ಆರಿಸಲು ಆಗದು. ಇಲ್ಲಿಯೂ ಹಾಗೆಯೇ. ಕೀಲಿ ಆಫ್ ಮಾಡಿದಾಗ ಒಂದು ತಂತಿ ಮ್ಯಾಗ್ನೆಟೋದ ವಿದ್ಯುತ್ತನ್ನು ಎಂಜಿನ್ನಿನ ಲೋಹದ ಮೈಗೆ ಹರಿಸಿ ಕಿಡಿ ತಡೆಯುತ್ತದೆ. ಆ ತಂತಿ ಕಳಚಿದ್ದರೆ ಕೀಲಿ ಜೇಬಿನಲ್ಲಿದ್ದರೂ ಪ್ರೊಪೆಲ್ಲರ್ ತಿರುಗಿಸಿದಾಗ ಕಿಡಿ ಹುಟ್ಟುತ್ತದೆ. ಸಿಲಿಂಡರಿನಲ್ಲಿ ಇಂಧನದ ಆವಿ ಉಳಿದಿದ್ದರೆ ಪ್ರೊಪೆಲ್ಲರ್ ತಟ್ಟನೆ ತಿರುಗಬಹುದು. ಹೊರಗಿನಿಂದ ನೋಡಿದರೆ ಏನೂ ತಿಳಿಯದು. ಆದ್ದರಿಂದಲೇ ಇಂಥ ಎಂಜಿನ್ನನ್ನು ಕೀಲಿಯಿಂದಲ್ಲ, ಗಾಳಿಯೊಡನೆ ಬೆರೆಯುವ ಇಂಧನದ ಪ್ರಮಾಣ ಹೊಂದಿಸುವ ಮಿಕ್ಸ್ಚರ್ ಗುಂಡಿ ಎಳೆದು, ಇಂಧನ ಕಡಿದು ನಿಲ್ಲಿಸುತ್ತಾರೆ.

ವೇಗವಾಗಿ ತಿರುಗುವ ಪ್ರೊಪೆಲ್ಲರ್ ಕಣ್ಣಿಗೆ ಕಾಣುವುದೇ ಕಷ್ಟ. ಎಂಜಿನ್ ಪೂರ್ತಿ ನಿಂತ ಮೇಲೆಯೇ, ಅದೂ ರೆಕ್ಕೆಯ ಹಿಂದಿನಿಂದ, ಹತ್ತಿರ ಹೋಗಬೇಕು. 2023ರಲ್ಲಿ ಶಿವಮೊಗ್ಗದ ಬಳಿ ಸೋಗಾನೆಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ನಮ್ಮವರಿಗೆ ವಿಮಾನದ ಜೊತೆ ಫೋಟೋ ತೆಗೆಸಿಕೊಳ್ಳುವ ಹುರುಪು ಜಾಸ್ತಿ. ಪ್ರೊಪೆಲ್ಲರ್ ಮೇಲೆ ಕೈಯಿಟ್ಟು ನಿಲ್ಲುವ ಭಂಗಿಯೊಂದು ಬೇಡವೆಂದು ಮಗಳಿಗೆ ಈಗಲೇ ಹೇಳಿಬಿಡಿ.