ಹಾಟ್ ರಾಡ್‌ಗೆ ಬ್ಯಾಟರಿ ಎಲ್ಲಿ ಕೂರಿಸಬೇಕು? ಡಿಕ್ಕಿ ಬೇಡ, ಮೊದಲು ಅರ್ತ್ ನೋಡಿ

1931ರ ಫೋರ್ಡ್ ಮಾಡೆಲ್ ಎ ಕೂಪೆ, ಅದಕ್ಕೆ ಷೆವಿ (ಷೆವರ್ಲೆ) 350 ವಿ8 ಎಂಜಿನ್. ಹಳೇ ಕಾರಿಗೆ ದೊಡ್ಡ ಎಂಜಿನ್ ಕೂರಿಸಿ ಕಟ್ಟಿದ ಇಂಥ ಗಾಡಿಯೇ ಹಾಟ್ ರಾಡ್. ಬ್ಯಾಟರಿ ಡಿಕ್ಕಿಗೋ, ಸೀಟಿನ ಕೆಳಗೋ, ಫೈರ್‌ವಾಲ್ (ಎಂಜಿನ್‌ಗೂ ಕೂರುವ ಜಾಗಕ್ಕೂ ನಡುವಿನ ಗೋಡೆ) ಮೇಲೋ ಅಂತ ಕೇಳಿದ್ದೀರಿ. ತೂಕ ಹಿಂದಕ್ಕೆ ಹೋಗುತ್ತೆ ಅಂತ ಮನಸ್ಸು ಡಿಕ್ಕಿ ಕಡೆಗೇ ವಾಲಿದೆ. ನನ್ನದೂ ಅದೇ ಗಾಡಿ, ಅದೇ ಎಂಜಿನ್. ನಾನೂ ಡಿಕ್ಕಿಯಲ್ಲೇ ಇಟ್ಟಿದ್ದೆ.

ನಮ್ಮ ಮನೆ ಇರುವುದು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ. ಯಾರೋ ಅರ್ಧಕ್ಕೆ ಬಿಟ್ಟಿದ್ದ ಗಾಡಿಯನ್ನು ತಂದು ಗ್ಯಾರೇಜಿನಲ್ಲಿ ಕಟ್ಟಿದೆ. ಮಾಡೆಲ್ ಎ ಮೂತಿಯೊಳಗೆ ವಿ8 ಕೂತ ಮೇಲೆ ಕೈ ಆಡಿಸಲೂ ಜಾಗ ಇರುವುದಿಲ್ಲ. ಹಾಗಾಗಿ ಬ್ಯಾಟರಿ ಡಿಕ್ಕಿಗೆ ಹೋಯಿತು. ಪಾಸಿಟಿವ್ ಕೇಬಲ್ ವಿಷಯದಲ್ಲಿ ತುಂಬಾ ಜಾಗ್ರತೆ ವಹಿಸಿದೆ. ಒಳ್ಳೆ ದಪ್ಪನೆಯ 1/0 ಗೇಜ್ ತಾಮ್ರದ ಕೇಬಲ್, ತೂತು ಇದ್ದಲ್ಲೆಲ್ಲ ರಬ್ಬರ್ ಬುಷ್, ಉದ್ದಕ್ಕೂ ಕ್ಲ್ಯಾಂಪ್. ನೆಗೆಟಿವ್‌ಗೆ ಮಾತ್ರ ಗೇಣುದ್ದದ ಕಪ್ಪು ವೈರ್ ತಗೊಂಡು, ಡಿಕ್ಕಿಯ ಕೆಳಗೇ ಇರುವ ಚಾಸಿಗೆ ಒಂದು ಬೋಲ್ಟ್ ಹಾಕಿ ಬಿಗಿದುಬಿಟ್ಟೆ. ಚಾಸಿ ಪೂರ್ತಿ ಕಬ್ಬಿಣ ತಾನೆ, ಅದೇ ಅರ್ತ್, ಅಂದರೆ ಕರೆಂಟ್ ಬ್ಯಾಟರಿಗೆ ವಾಪಸ್ ಬರುವ ದಾರಿ, ಅಂದುಕೊಂಡೆ.

ಬೆಳಿಗ್ಗೆ ತಣ್ಣಗಿದ್ದಾಗ ಗಾಡಿ ಸ್ಟಾರ್ಟ್ ಆಗುತ್ತಿತ್ತು. ಬಿಸಿಯಾದ ಮೇಲೆ ಪೆಟ್ರೋಲ್ ಬಂಕಿನಲ್ಲಿ ಆಫ್ ಮಾಡಿದರೆ ಸೆಲ್ಫ್ ಒಂದು ಸಲ ನರಳಿ ನಿಲ್ಲುತ್ತಿತ್ತು. ಕೇಳಿದವರೆಲ್ಲ ಹೇಳಿದ್ದು ಒಂದೇ: ಷೆವಿ ಸೆಲ್ಫ್ ಮೋಟರ್ ಎಕ್ಸಾಸ್ಟ್ ಪಕ್ಕದಲ್ಲೇ ಇರುತ್ತೆ, ಬಿಸಿಗೆ ಹಾಗಾಗುತ್ತೆ. ಆ ಕಾಯಿಲೆ ಇರುವುದು ನಿಜವೇ, ಆದ್ದರಿಂದ ನಂಬಿದೆ. ಸೆಲ್ಫ್‌ಗೆ ಕರೆಂಟ್ ಬಿಡುವ ಸ್ವಿಚ್ಚಾದ ಸೊಲೆನಾಯ್ಡ್ ಬದಲಾಯಿಸಿದೆ, ಹೆಚ್ಚು ಟಾರ್ಕ್‌ನ ಹೊಸ ಸೆಲ್ಫ್ ತಂದೆ, ಅದಕ್ಕೆ ಬಿಸಿ ತಡೆಯುವ ಹೊದಿಕೆ ಸುತ್ತಿದೆ, ಬ್ಯಾಟರಿಯನ್ನೂ ಹೊಸದು ಮಾಡಿದೆ. ದುಡ್ಡು ನೀರಿನಂತೆ ಹರಿಯಿತು. ನರಳಾಟ ಮಾತ್ರ ಹಾಗೇ ಇತ್ತು.

ಆಗ ಊರಿಂದ ನಮ್ಮ ಮಾವ ಬಂದಿದ್ದರು. ಬಸ್ ಡಿಪೋದಲ್ಲಿ ಎಲೆಕ್ಟ್ರಿಷಿಯನ್ ಆಗಿ ನಿವೃತ್ತರಾದವರು. ಅವರನ್ನು ಕೂರಿಸಿಕೊಂಡು ಪೊಮೋನಾದ ಗ್ರ್ಯಾಂಡ್ ನ್ಯಾಷನಲ್ ರೋಡ್‌ಸ್ಟರ್ ಶೋ ನೋಡಲು ಹೊರಟೆ. ದಾರಿಯಲ್ಲಿ ಬಂಕ್, ಮತ್ತೆ ಅದೇ ನರಳಾಟ. ಬಿಡದೆ ಕೀ ತಿರುಗಿಸಿದೆ, ಹೇಗೋ ಸ್ಟಾರ್ಟ್ ಆಯಿತು. ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಫ್ರೀವೇ ಹತ್ತಿ ಸ್ವಲ್ಪ ಹೊತ್ತಿಗೆ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೂ ಎಂಜಿನ್ ವೇಗ ಇಳಿಯಲಿಲ್ಲ. ಇಗ್ನಿಷನ್ ಆಫ್ ಮಾಡಿ ಅಂಚಿಗೆ ತಂದು ನಿಲ್ಲಿಸುವಷ್ಟರಲ್ಲಿ ಇಬ್ಬರೂ ಬೆವರಿದ್ದೆವು. ಶೋ ತಪ್ಪಿತು, ಗಾಡಿ ಟೋ ಆಗಿ ಮನೆಗೆ ಬಂತು.

ಮಾರನೇ ದಿನ ಮಾವ ಆಕ್ಸಿಲರೇಟರ್ ಕೇಬಲ್ ಬಿಚ್ಚಿ ನೋಡಿದರು. ಹೊರಗಿನ ಕವಚ ಅಲ್ಲಲ್ಲಿ ಉಬ್ಬಿತ್ತು. ಒಳಗಿನ ನೈಲಾನ್ ಕರಗಿ ತಂತಿಗೆ ಅಂಟಿಕೊಂಡಿತ್ತು. "ಅಳಿಯಂದ್ರೇ, ಇದು ಸೆಲ್ಫ್ ತಪ್ಪಲ್ಲ. ಎಂಜಿನ್‌ಗೆ ಅರ್ತ್ ಎಲ್ಲಿ ಕೊಟ್ಟಿದ್ದೀರಿ, ತೋರಿಸಿ" ಅಂದರು. ಡಿಕ್ಕಿಯ ಬೋಲ್ಟ್ ತೋರಿಸಿದೆ. "ಅದು ಚಾಸಿಗೆ ಆಯ್ತು. ಎಂಜಿನ್‌ಗೆ?"

ಎಂಜಿನ್‌ಗೆ ಇರಲೇ ಇಲ್ಲ. ಇದನ್ನು ಬಿಡಿಸಿ ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ. ವಿ8 ತಿರುಗಿಸಲು ಸೆಲ್ಫ್ ಮೋಟರ್ ಸುಮಾರು 200 ಆಂಪಿಯರ್ ಎಳೆಯುತ್ತೆ ಅಂತಿಟ್ಟುಕೊಳ್ಳಿ. ಪಾಸಿಟಿವ್‌ನಲ್ಲಿ ಹೋದ 200 ಆಂಪಿಯರ್ ಅಷ್ಟೂ ನೆಗೆಟಿವ್‌ಗೆ ವಾಪಸ್ ಬರಲೇಬೇಕು. ಸೆಲ್ಫ್ ಮೋಟರ್‌ನ ಮೈಯೇ ಅದರ ನೆಗೆಟಿವ್, ಅದು ಎಂಜಿನ್ ಬ್ಲಾಕಿಗೆ ಸೇರಿದೆ. ಬ್ಲಾಕಿನಿಂದ ಚಾಸಿಗೆ ಬರಬೇಕು, ಆದರೆ ಎಂಜಿನ್ ಕೂತಿರುವುದು ರಬ್ಬರ್ ಮೌಂಟ್ ಮೇಲೆ. ಗೇರ್‌ಬಾಕ್ಸ್ ಕೂಡ ರಬ್ಬರ್ ಮೇಲೆ, ಎಕ್ಸಾಸ್ಟ್ ನೇತಾಡುವುದೂ ರಬ್ಬರಿನಲ್ಲಿ. ಎಂಜಿನ್‌ನಿಂದ ಬಾಡಿಗೆ ನೇರವಾಗಿ ತಾಗುವ ಲೋಹ ಅಂದರೆ ಆಕ್ಸಿಲರೇಟರ್ ಕೇಬಲ್ಲು. ಪೆನ್ಸಿಲ್ ಸೀಸದಷ್ಟು ತಂತಿ ಸೆಲ್ಫ್ ಮೋಟರಿನ ಕರೆಂಟ್ ಹೊತ್ತರೆ ಕಾಯದೆ ಇರುತ್ತಾ? ಪ್ರತಿ ಸಲ ನಾನು ಕೀ ತಿರುಗಿಸಿದಾಗಲೂ ಅದು ಹೀಟರ್ ಕಾಯಿಲ್ ಆಗುತ್ತಿತ್ತು. ಇದರ ಮೇಲೆ ಚಾಸಿಗೆ ಪೌಡರ್ ಕೋಟಿಂಗ್ ಬೇರೆ. ಪೌಡರ್ ಕೋಟ್ ಅಂದರೆ ಪ್ಲಾಸ್ಟಿಕ್ಕೇ, ಕರೆಂಟ್ ಬಿಡುವುದಿಲ್ಲ. ಡಿಕ್ಕಿಯ ಅರ್ತ್ ಬೋಲ್ಟಿನಲ್ಲಿ ಕಬ್ಬಿಣಕ್ಕೆ ತಾಗುತ್ತಿದ್ದದ್ದು ಬೋಲ್ಟಿನ ಥ್ರೆಡ್‌ಗಳು ಮಾತ್ರ. ಬಿಸಿಯಾದಾಗ ಸೆಲ್ಫ್ ಒಳಗಿನ ತಾಮ್ರದ ತಂತಿ ಕರೆಂಟನ್ನು ಇನ್ನಷ್ಟು ತಡೆಯುತ್ತೆ, ಅದರ ಬಲ ಕುಗ್ಗುತ್ತೆ, ಅದಕ್ಕೇ ಬಿಸಿಯಲ್ಲಿ ಮಾತ್ರ ಕಾಣಿಸುತ್ತಿತ್ತು.

ಮಾವ ಮಾಡಿದ ಪರೀಕ್ಷೆ ನೀವೂ ಮಾಡಬಹುದು. ಜಂಪರ್ ಕೇಬಲ್‌ನ ಒಂದು ತುದಿ ಎಂಜಿನ್ ಬ್ಲಾಕಿಗೆ, ಇನ್ನೊಂದು ತುದಿ ಬ್ಯಾಟರಿಯ ನೆಗೆಟಿವ್‌ಗೆ ಕಚ್ಚಿಸಿದರು. ಕೀ ತಿರುಗಿಸಿದರೆ ಎಂಜಿನ್ ಒಂದೇ ಏಟಿಗೆ ಎದ್ದಿತು. ಆಮೇಲೆ ಅದನ್ನು ತೆಗೆದು ಮೀಟರ್ ಹಿಡಿದರು: ಒಂದು ಕಡ್ಡಿ ಬ್ಲಾಕಿಗೆ, ಒಂದು ಬ್ಯಾಟರಿ ನೆಗೆಟಿವ್‌ಗೆ, ಸೆಲ್ಫ್ ಹೊಡೆಯುವಾಗ ಎಷ್ಟು ವೋಲ್ಟ್ ಅಂತ. ಅರ್ಧ ವೋಲ್ಟ್‌ಗಿಂತ ಕಡಿಮೆ ಇರಬೇಕು. ನನ್ನದು ಎರಡು ವೋಲ್ಟ್ ದಾಟಿತ್ತು.

ಆದ್ದರಿಂದ ನೀವು ಕೇಳಿದ "ಎಲ್ಲಿ" ಅನ್ನುವುದು ಎರಡನೇ ಪ್ರಶ್ನೆ. ಕರೆಂಟ್ ಯಾವ ದಾರಿಯಲ್ಲಿ ವಾಪಸ್ ಬರುತ್ತೆ ಅನ್ನುವುದು ಮೊದಲನೆಯದು. ಡಿಕ್ಕಿ ಅಂದರೆ ಹೋಗಲೂ ದೂರ, ಬರಲೂ ದೂರ. 16 ಅಡಿ ಉದ್ದದ 4 ಗೇಜ್ ತಾಮ್ರದಲ್ಲಿ 200 ಆಂಪಿಯರ್ ಹರಿದರೆ ಸುಮಾರು 0.8 ವೋಲ್ಟ್ ಅಲ್ಲೇ ಹೋಗುತ್ತೆ. ಅದಕ್ಕಿಂತ ದಪ್ಪನೆಯ 1/0 ಗೇಜ್ ಆದರೆ 0.3. ಇದು ಒಂದು ಕಡೆಯ ಲೆಕ್ಕ ಅಷ್ಟೇ.

ತೂಕದ ಮಾತನ್ನು ನಾನು ಒಪ್ಪುವುದಿಲ್ಲ. ಇಂಥ ಬ್ಯಾಟರಿ 17-18 ಕೆಜಿ ಇರಬಹುದು. ಡ್ರ್ಯಾಗ್ ಸ್ಟ್ರಿಪ್‌ನಲ್ಲಿ (ನೇರ ದಾರಿಯ ವೇಗದ ರೇಸಿನಲ್ಲಿ) ಹಿಂದಿನ ಟೈರಿನ ಹಿಡಿತಕ್ಕೆ ಅದು ಬೇಕು, ಸರಿ. ಆದರೆ ಅಲ್ಲಿ ಅಮೆರಿಕದ ಡ್ರ್ಯಾಗ್ ರೇಸ್ ಸಂಸ್ಥೆ ಎನ್‌ಎಚ್‌ಆರ್‌ಎ ನಿಯಮವೂ ಇದೆ: ಬ್ಯಾಟರಿ ಮೂಲ ಜಾಗದಿಂದ ಸರಿಸಿದರೆ ಗಾಡಿಯ ಹಿಂಭಾಗದಲ್ಲಿ, ಹೊರಗಿನಿಂದ ಕೈಗೆ ಸಿಗುವಂತೆ, ಮೇನ್ ಸ್ವಿಚ್ ಇರಲೇಬೇಕು. ಭಾನುವಾರ ಕಾಫಿಗೆ ಹೋಗುವ ಗಾಡಿಗೆ ಈ ತೂಕದಿಂದ ಏನೂ ಸಿಗುವುದಿಲ್ಲ. ಇನ್ನೊಂದು, ಮಾಡೆಲ್ ಎಗೆ ಪೆಟ್ರೋಲ್ ಟ್ಯಾಂಕ್ ಇದ್ದದ್ದು ಡ್ಯಾಶ್‌ಬೋರ್ಡ್ ಜಾಗದಲ್ಲಿ. ಹಾಟ್ ರಾಡ್ ಮಾಡುವವರು ಅದನ್ನು ಡಿಕ್ಕಿಗೆ ಒಯ್ಯುತ್ತಾರೆ. ನೀವೂ ಹಾಗೆ ಮಾಡಿದ್ದರೆ ಪಕ್ಕದಲ್ಲಿ ಬ್ಯಾಟರಿ ಖಂಡಿತ ಬೇಡ. ಮಾಮೂಲಿ ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತೆ, ಗಾಳಿಯಲ್ಲಿ ಅದು ಶೇ. 4 ಇದ್ದರೆ ಸಾಕು, ಕಿಡಿಗೆ ಹೊತ್ತಿಕೊಳ್ಳುತ್ತೆ. ಮಾಜ್ದಾ ಮಿಯಾಟಾದಲ್ಲಿ ಕಂಪನಿಯೇ ಡಿಕ್ಕಿಯಲ್ಲಿ ಬ್ಯಾಟರಿ ಕೊಟ್ಟಿತ್ತು ನಿಜ, ಆದರೆ ಅದು ಸೀಲ್ ಆದ ಎಜಿಎಂ ಬ್ಯಾಟರಿ (ಆಸಿಡ್ಡನ್ನು ಗಾಜಿನ ನಾರಿನಲ್ಲಿ ಹೀರಿಸಿಟ್ಟದ್ದು), ಜೊತೆಗೆ ಗಾಳಿ ಹೊರಗೆ ಹೋಗಲು ಕೊಳವೆ.

ಫೈರ್‌ವಾಲ್ ನನಗೆ ಇಷ್ಟವಿಲ್ಲ. ಎಂಜಿನ್ ಬಿಸಿಗೆ ಬ್ಯಾಟರಿಯ ಆಯುಸ್ಸೇ ಕರಗುತ್ತೆ.

ಫೋರ್ಡ್ ಇಟ್ಟಿದ್ದ ಜಾಗವನ್ನೇ ನೋಡಿ: ಡ್ರೈವರ್ ಕಾಲಿನ ಹತ್ತಿರ, ನೆಲದ ಹಲಗೆಯ ಕೆಳಗೆ. ಹಲಗೆ ಎತ್ತಿದರೆ ಬ್ಯಾಟರಿ. ತೂಕ ತಗ್ಗಿನಲ್ಲಿ, ಎಂಜಿನ್ ಹತ್ತಿರ, ಹೊರಗೆ ಕಾಣುವುದೂ ಇಲ್ಲ. ನನ್ನ ಗಾಡಿಯಲ್ಲಿ ಎಡಗಡೆ ಬ್ರೇಕ್ ಮಾಸ್ಟರ್ ಸಿಲಿಂಡರ್ ಆ ಜಾಗ ತಿಂದಿತ್ತು, ಹಾಗಾಗಿ ಬಲಗಡೆ ನೆಲದ ಕೆಳಗೆ ಕಬ್ಬಿಣದ ತೊಟ್ಟಿಲು ಮಾಡಿಸಿ ಎಜಿಎಂ ಕೂರಿಸಿದೆ. ಷೆವಿಯ ಸೆಲ್ಫ್ ಇರುವುದೂ ಬಲಕ್ಕೇ, ಕೇಬಲ್ ಮೊಣಕೈ ಉದ್ದ ಸಾಕಾಯಿತು. ಎಕ್ಸಾಸ್ಟ್ ಪೈಪಿಗೂ ಬ್ಯಾಟರಿಗೂ ನಡುವೆ ತಗಡಿನ ತಡೆ ಹಾಕಿದೆ. ಜಾಗವೇ ಸಿಗದಿದ್ದರೆ ಸೀಟಿನ ಕೆಳಗೆ ಇಡಿ, ಎಜಿಎಂ ಮಾತ್ರ, ಪೆಟ್ಟಿಗೆಯನ್ನು ಬೋಲ್ಟ್ ಹಾಕಿ ಬಿಗಿದು.

ಎಲ್ಲೇ ಇಡಿ, ನೆಗೆಟಿವ್‌ನಿಂದ ಪಾಸಿಟಿವ್‌ನಷ್ಟೇ ದಪ್ಪದ ಕೇಬಲ್ ನೇರ ಎಂಜಿನ್ ಬ್ಲಾಕಿಗೆ ಹೋಗಲಿ. ಬ್ಲಾಕಿನಿಂದ ಚಾಸಿಗೆ ಒಂದು ಹೆಣೆದ ಪಟ್ಟಿ, ಚಾಸಿಯಿಂದ ಬಾಡಿಗೆ ಇನ್ನೊಂದು. ಬೋಲ್ಟ್ ಕೂರುವಲ್ಲಿ ಬಣ್ಣವನ್ನು ಕಬ್ಬಿಣ ಹೊಳೆಯುವವರೆಗೆ ಉಜ್ಜಿ ತೆಗೆಯಿರಿ. ಹಲ್ಲಿನ ವಾಷರ್ ಹಾಕಿ ಬಿಗಿದು, ಮೇಲೆ ಗ್ರೀಸ್ ಬಳಿಯಿರಿ. ಮೇನ್ ಸ್ವಿಚ್ ಒಂದು ಹಾಕಿಸಿ. ಗಾಡಿಯಲ್ಲಿ ಹಳೇ ವೈರಿಂಗ್ ಏನಾದರೂ ಉಳಿದಿದ್ದರೆ ಎಚ್ಚರ: ಮಾಡೆಲ್ ಎ 6 ವೋಲ್ಟ್‌ನದು, ಅದರಲ್ಲಿ ಅರ್ತ್ ಆಗಿದ್ದದ್ದು ಪಾಸಿಟಿವ್. ಫೋರ್ಡ್ 12 ವೋಲ್ಟ್‌ಗೆ ಬಂದದ್ದೇ 1956ರ ಮಾಡೆಲ್‌ಗಳಲ್ಲಿ.

ನಿಮ್ಮ ಮಾಸ್ಟರ್ ಸಿಲಿಂಡರ್ ಎಲ್ಲಿದೆ, ಎಕ್ಸಾಸ್ಟ್ ಚಾಸಿಯ ಒಳಗಡೆ ಹೋಗಿದೆಯೋ ಹೊರಗಡೆಯೋ, ಪೆಟ್ರೋಲ್ ಟ್ಯಾಂಕ್ ಈಗ ಎಲ್ಲಿದೆ ಅಂತ ಬರೆಯಿರಿ. ಅದು ಗೊತ್ತಾದರೆ ಎಡವೋ ಬಲವೋ ಅಂತ ಹೇಳಬಹುದು.