ಸಂಬಳದ ಶೀಟ್ ತುಂಬುವವಳಿಗೇ ಸಂಬಳ ಕಡಿಮೆ

ಪ್ರಶ್ನೆ: ದಾವಣಗೆರೆಯ ಖಾಸಗಿ ಸಂಸ್ಥೆಯೊಂದರಲ್ಲಿ ಆರು ವರ್ಷದಿಂದ ಅಕೌಂಟೆಂಟ್ ಆಗಿದ್ದೇನೆ. ಎಲ್ಲರ ಸಂಬಳದ ಶೀಟ್ ಮಾಡುವವಳೂ ನಾನೇ. ನನಗೆ 26,000 ರೂಪಾಯಿ, ಹದಿನಾಲ್ಕು ತಿಂಗಳ ಹಿಂದೆ ಸೇರಿದ ಹುಡುಗನಿಗೆ 34,000. ಇಬ್ಬರದೂ ಬಿ.ಕಾಂ. ಕೆಲಸ ಹೇಳಿಕೊಟ್ಟವಳು ನಾನು. ಕೇಳಿದರೆ ಗುಟ್ಟಿನ ಮಾಹಿತಿ ದುರುಪಯೋಗ ಮಾಡಿಕೊಂಡೆ ಅನ್ನುತ್ತಾರೇನೋ. ಸುಮ್ಮನಿರಲೂ ಆಗುತ್ತಿಲ್ಲ.

ಉತ್ತರ: ಕೆಲಸ ಮಾಡುವಾಗ ಕಣ್ಣಿಗೆ ಬಿದ್ದದ್ದು ದ್ರೋಹವಲ್ಲ. ಆದರೆ ಆ ಶೀಟಿನ ಫೋಟೊ ತೆಗೆಯಬೇಡಿ, ಸ್ವಂತ ಮೇಲ್‌ಗೆ ಕಳಿಸಿಕೊಳ್ಳಬೇಡಿ. ಇಂಥ ದೂರುಗಳು ಹಳ್ಳ ಹಿಡಿಯುವುದು ಅಲ್ಲೇ. ಸಂಬಳದ ಮಾತು ಮೂಲೆಗೆ ಸೇರಿ, ನಿಮ್ಮ ಮೇಲಿನ ಶಿಸ್ತುಕ್ರಮ ಮುಂದೆ ಬರುತ್ತದೆ. ವೇತನದ ರಿಜಿಸ್ಟರ್ ಇಡುವುದು ಮಾಲೀಕರ ಹೊಣೆ. ಬೇಕೆನಿಸಿದರೆ ಕಾರ್ಮಿಕ ಇಲಾಖೆಯ ಅಧಿಕಾರಿಯೇ ಅದನ್ನು ತರಿಸಿಕೊಳ್ಳುತ್ತಾರೆ.

ಮೊದಲು ಒಂದು ಹಾಳೆಯಲ್ಲಿ ಇಬ್ಬರ ಕೆಲಸವನ್ನೂ ಬರೆಯಿರಿ. ಪ್ರತಿ ತಿಂಗಳು 7ರೊಳಗೆ ಟಿಡಿಎಸ್ (ಮುರಿದುಕೊಂಡ ತೆರಿಗೆ) ಕಟ್ಟುವುದು, 11ಕ್ಕೆ ಮಾರಾಟದ ಜಿಎಸ್‌ಟಿ ವಿವರವಾದ ಜಿಎಸ್‌ಟಿಆರ್-1, 15ಕ್ಕೆ ಪಿಎಫ್, 20ಕ್ಕೆ ಜಿಎಸ್‌ಟಿ ಕಟ್ಟುವ ರಿಟರ್ನ್ 3ಬಿ: ಯಾವುದು ಯಾರ ಕೈಯಲ್ಲಿದೆ? ಬ್ಯಾಂಕ್ ತಾಳೆ ನೋಡುವವರು ಯಾರು? ಆಡಿಟರ್ ಬಂದಾಗ ಉತ್ತರ ಹೇಳುವವರು ಯಾರು? ಸಮಾನ ವೇತನದ ಕಾನೂನು ನೋಡುವುದು ಕೌಶಲ, ಶ್ರಮ, ಅನುಭವ, ಜವಾಬ್ದಾರಿಗಳನ್ನು. ಆತ ‘ಎಕ್ಸಿಕ್ಯುಟಿವ್’, ನೀವು ‘ಅಸಿಸ್ಟೆಂಟ್’ ಎಂಬ ಬೋರ್ಡಿಗೆ ಅಲ್ಲಿ ಬೆಲೆಯಿಲ್ಲ.

ಕಹಿಯಾದರೂ ಒಂದು ಮಾತು. ಆತ ಬೇರೆ ಕಡೆ ಎಂಟು ವರ್ಷ ದುಡಿದು ಬಂದಿದ್ದರೆ ವ್ಯತ್ಯಾಸಕ್ಕೆ ಸಮರ್ಥನೆ ಸಿಗಬಹುದು. ಅದೇ ಕೆಲಸದ ಇನ್ನೊಬ್ಬ ಗಂಡಸಿಗೂ 26,000 ಇದ್ದರೆ ‘ಹೆಣ್ಣೆಂದು ಕಡಿಮೆ ಕೊಟ್ಟರು’ ಎಂಬ ವಾದ ನಿಲ್ಲುವುದು ಕಷ್ಟ. ಇದು ನಿಮಗೇ ಗೊತ್ತಿರುತ್ತದೆ.

20ರ ಗಡಿಬಿಡಿ ಮುಗಿದ ಮೇಲೆ ಮಾಲೀಕರ ಸಮಯ ಕೇಳಿ. ಆ ಹುಡುಗನ ಹೆಸರೆತ್ತಬೇಡಿ. ‘ಈ ಕೆಲಸಕ್ಕೆ ಸಂಸ್ಥೆ ಎಷ್ಟು ಕೊಡುತ್ತದೆ, ನನಗೆ ಅಷ್ಟು ಯಾಕಿಲ್ಲ?’ ಎಂದಷ್ಟೇ ಕೇಳಿ. ‘ಅವನಿಗೆ ಸಂಸಾರದ ಭಾರ ಇದೆಯಮ್ಮ, ನಿಮ್ಮ ಯಜಮಾನರು ದುಡೀತಾರಲ್ಲ’ ಎಂಬ ಉತ್ತರ ಬಂದರೆ ಅದನ್ನು ಅಂದೇ ದಿನಾಂಕ ಸಮೇತ ಬರೆದಿಡಿ. ಅವರೇ ಕಾರಣ ಒಪ್ಪಿಕೊಂಡ ಹಾಗಾಯಿತು. ‘ಕಂಪನಿಗೆ ತಾಕತ್ತಿಲ್ಲ’ ಎಂಬ ನೆಪವೂ ಹಳೆಯದೇ. ಮಹಿಳಾ ಸ್ಟೆನೋಗ್ರಾಫರ್‌ಗಳಿಗೆ ಕಡಿಮೆ ಕೊಡುತ್ತಿದ್ದ ಮೆಕಿನನ್ ಮೆಕೆಂಜಿ ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1987ರಲ್ಲೇ ಅದನ್ನು ತಳ್ಳಿಹಾಕಿದೆ. ಸಮ ಮಾಡುವ ನೆಪದಲ್ಲಿ ಆತನ ಸಂಬಳ ಇಳಿಸುವಂತೆಯೂ ಇಲ್ಲ.

ಮಾತಾಡಿದ ಸಂಜೆಯೇ ಅದರ ಸಾರಾಂಶವನ್ನು ಮೇಲ್ ಮಾಡಿ. ಎರಡು ವಾರ ಕಾದರೂ ಉತ್ತರವಿಲ್ಲವೆಂದರೆ ಕಾರ್ಮಿಕ ಇಲಾಖೆಯ ಜಿಲ್ಲಾ ಕಚೇರಿಗೆ ಹೋಗಿ. ನೇಮಕಾತಿ ಪತ್ರ, ನಿಮ್ಮದೇ ಸಂಬಳದ ಸ್ಲಿಪ್‌ಗಳು, ಆ ಹಾಳೆ, ಆ ಮೇಲ್ ಇಷ್ಟು ಸಾಕು. 1976ರ ಸಮಾನ ವೇತನ ಕಾಯ್ದೆಯ ಜಾಗಕ್ಕೆ ಈಗ 2019ರ ವೇತನ ಸಂಹಿತೆ ಬಂದಿದೆ. ಅದರಡಿ ಬಾಕಿ ಕೇಳಲು ಮೂರು ವರ್ಷ ಅವಕಾಶವಿದೆ. ನಿಮ್ಮ ಲೆಕ್ಕ 8,000ದಂತೆ ಹದಿನಾಲ್ಕು ತಿಂಗಳಿಗೆ 1,12,000 ರೂಪಾಯಿ.

‘ಈಗ ಮೂರು ಸಾವಿರ, ಉಳಿದದ್ದು ಮುಂದಿನ ವರ್ಷ’ ಎಂದರೆ ತಾರೀಖು ಹಾಕಿದ ಪತ್ರ ಕೇಳಿ. ಹೆಚ್ಚಳವನ್ನು ‘ಇನ್ಸೆಂಟಿವ್’ ಎಂದು ಕೊಡಲು ನೋಡಿದರೆ ಒಪ್ಪಬೇಡಿ. ಮೂಲವೇತನದಲ್ಲಿ 4,000 ಕಡಿಮೆಯಾದರೂ ಕೆಲಸ ಬಿಡುವಾಗ ಸಿಗುವ ಆರು ವರ್ಷದ ಗ್ರಾಚ್ಯುಟಿಯಲ್ಲಿ ಸುಮಾರು 13,800 ಖೋತಾ. ಮುಂದಿನ ತಿಂಗಳ ಶೀಟ್ ತುಂಬುವವರು ಹೇಗೂ ನೀವೇ ತಾನೆ, ಯಾವ ಕಾಲಂಗೆ ಬಿತ್ತು ನೋಡಿಕೊಳ್ಳಿ.