20,000ಕ್ಕೆ ಸೌಂಡ್‌ಬಾರಾ, 5.1 ಸೆಟ್ಟಾ?

ಹತ್ತು-ಹನ್ನೆರಡು ಅಡಿ ಹಾಲ್, ಬಜೆಟ್ 20,000, ಸಿನಿಮಾದಲ್ಲಿ ಮಾತೇ ಕೇಳಿಸಲ್ಲ, ಏನು ತಗೊಳ್ಳಲಿ ಅಂತ ಕೇಳಿದ್ದೀರಿ. ಡಬ್ಬದ ಮೇಲಿನ ವ್ಯಾಟ್ ನೋಡಿ ಸುಮ್ನೆ ಮರುಳಾಗಬೇಡಿ. 5.1 ಸೌಂಡ್‌ನಲ್ಲಿ (ಐದು ಸ್ಪೀಕರ್, ಜೊತೆಗೆ ಬಾಸ್‌ಗೆ ಒಂದು ಸಬ್‌ವೂಫರ್) ಮಾತು ಜಾಸ್ತಿ ಬರುವುದು ಮಧ್ಯದ ಸ್ಪೀಕರ್, ಅಂದರೆ ಸೆಂಟರ್ ಚಾನೆಲ್‌ನಿಂದ. ಅದಕ್ಕೇ ಎಡ-ಬಲ ಮಾತ್ರ ಇರುವ 2.1 ಬಿಟ್ಟು, ಸೆಂಟರ್ ಕೂಡ ಇರುವ 3.1 ಸೌಂಡ್‌ಬಾರ್ ನೋಡಿ. ಸೋಫಾ ಗೋಡೆಗೆ ಅಂಟಿಕೊಂಡಿದ್ದರೆ 5.1 ಸೆಟ್ಟಿನ ಹಿಂದಿನ ಸ್ಪೀಕರ್‌ಗೆ ಜಾಗವೇ ಇರುವುದಿಲ್ಲ, ಅಲ್ವಾ?

ಟಿವಿ ಹಿಂದೆ ಬಗ್ಗಿ ನೋಡಿ. ಒಂದು ಎಚ್‌ಡಿಎಂಐ ಪೋರ್ಟ್ ಪಕ್ಕ 'ಎಆರ್‌ಸಿ' (ARC, ಟಿವಿಯ ಸೌಂಡ್ ಹೊರಗೆ ಕಳಿಸುವ ದಾರಿ) ಅಂತ ಬರೆದಿದ್ದರೆ ಸೌಂಡ್‌ಬಾರ್ ಕೇಬಲ್ ಅದಕ್ಕೇ ಹಾಕಿ. ಟಿವಿಯ ಆಡಿಯೊ ಸೆಟ್ಟಿಂಗ್ 'ಪಿಸಿಎಂ' (PCM) ಅಂತ ಇದ್ದರೆ ಬಿಟ್‌ಸ್ಟ್ರೀಮ್ (Bitstream) ಮಾಡಿ. ಹಾಗೇ ಬಿಟ್ಟರೆ ಸಾಮಾನ್ಯವಾಗಿ ಬರೀ ಸ್ಟೀರಿಯೊ, ಅಂದರೆ ಎಡ-ಬಲದ ಎರಡೇ ಚಾನೆಲ್ ಹೋಗುತ್ತದೆ.

ನಮ್ಮನೆಯಲ್ಲಿ ಸಬ್‌ವೂಫರ್ ಮೂಲೆಯಲ್ಲಿತ್ತು, ಎಲ್ಲ ಗುಂ ಅನ್ನುತ್ತಿತ್ತು. ಎರಡು ಅಡಿ ಈಚೆ ಎಳೆದ ಮೇಲೆ ಮಾತು ಬಿಡಿಬಿಡಿಯಾಗಿ ಕೇಳಿಸಿತು.